ಭೂತಗನ್ನಡಿಯ ವಿರೂಪಾಕ್ಷಪ್ಪ

ವಿರೂಪಾಕ್ಷಪ್ಪನವರಿಗೆ ಯಾರನ್ನಾದರೂ ಪರಿಚಯಿಸಿದರೆ ಅವರು ಮೊದಲು ನೋಡುತ್ತಿದ್ದುದು ಬೆರಳ ತುದಿಗಳನ್ನು. ಮುಖದ ಸರದಿ ಆಮೇಲೆ. ಕೈಕುಲುಕಲು ಬಂದವರ ಕೈ ಹಿಡಿದು, ಮೆಲ್ಲಗೆ ಮಗುಚಿ, ಹೆಬ್ಬೆರಳನ್ನು ಬೆಳಕಿಗೆ ತಿರುಗಿಸಿ, "ಆಹಾ, ಒಳ್ಳೆ ಸುಳಿ ಐತಂಡಿ ನಿಮ್ದು" ಎನ್ನುವರು. ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟದ ಬುಡದಲ್ಲಿದ್ದ ಅವರ ಬೀದಿಯವರು ಅವರನ್ನು ಕೈ ನೋಡಿ ಭವಿಷ್ಯ ಹೇಳುವವರೆಂದೇ ನಂಬಿದ್ದರು. ಮಗಳಿಗೆ ಮದುವೆ ಯಾವಾಗ ಆಗುತ್ತದೆಂದು ಕೇಳಲು ಬಂದ ಮುದುಕಿಗೆ, "ನಿನ್ನ ಮಗಳು ಏನಾದ್ರೂ ಕದ್ರೆ ಹೇಳ್ತೀನಮ್ಮಾ, ಮದುವೆ ವಿಷಯ ನಂಗೊತ್ತಿಲ್ಲ" ಎಂದುಬಿಟ್ಟಿದ್ದರು. ಅದಕ್ಕೆ ಹೆಂಡತಿ ಶಾರದಮ್ಮ ಚೆನ್ನಾಗಿ ಉಗಿದರಂತೆ. ಶಾರದಮ್ಮ ವಿಜಯವಾಡದ ತೆಲುಗಿನವರು. ಬಳ್ಳಾರಿಯ ಗಂಡನಿಂದ ಕನ್ನಡ ಕಲಿತು, ಅದನ್ನು ಗಂಡನನ್ನು ಬೈಯುವುದಕ್ಕೆಂದೇ ಮೀಸಲಿಟ್ಟಿದ್ದರು.

ನಾನು ಧಾರವಾಡದ ಕಡೆಯವಳಾದರೂ ಬೆಳೆದದ್ದು ವಿಶಾಖಪಟ್ಟಣದಲ್ಲಿ, ಅಪ್ಪ ನೌಕಾಪಡೆಯಲ್ಲಿದ್ದರು. ವಿಜಯವಾಡದ ಪೊಲೀಸ್ ಬೆರಳಚ್ಚು ಕಚೇರಿಗೆ ಕೆಲಸಕ್ಕೆ ಸೇರಿದ ಮೊದಲ ದಿನ, ಅಲ್ಲಿನ ಹಿರಿಯ ತಜ್ಞರಾಗಿದ್ದ ವಿರೂಪಾಕ್ಷಪ್ಪನವರ ಮುಂದೆ ಹೆದರುತ್ತಲೇ ನಿಂತೆ. ನನ್ನ ಊರು ಕೇಳಿದ್ದೇ ತಡ, ಅವರ ಮುಖ ಅರಳಿತು. "ಧಾರವಾಡದವಳಾ? ಅಂಗಾದ್ರೆ ಡಬ್ಬಿಯಾಗ ರೊಟ್ಟಿ ಇರಬೇಕಲ್ಲಮ್ಮಾ!" ಅಂದಿನಿಂದ ನನ್ನ ಡಬ್ಬಿಯಲ್ಲಿ ಅರ್ಧ ಪಾಲು ಅವರದಾಯಿತು.

ಕೆಲಸ ಕಲಿಸುವ ರೀತಿ ಅವರದೇ. ಎರಡು ಅಚ್ಚುಗಳನ್ನು ಹೋಲಿಸಲು ನನಗೆ ಕೊಟ್ಟು, ತಾವು ಮೊದಲೇ ಬರೆದಿಟ್ಟ ಉತ್ತರವನ್ನು ಅಂಗೈಯಿಂದ ಮುಚ್ಚಿಕೊಂಡು ಕಿಟಕಿಯಾಚೆ ನೋಡುತ್ತ ಕೂರುವರು. ಸುಳಿವು ಕೊಡಿ ಎಂದು ಎಷ್ಟು ಗೋಗರೆದರೂ ಬಾಯಿ ಬಿಡರು. "ನಾನು ಅಂದಿದ್ದು ಕೇಳಿದ್ರೆ ನಿನ್ನ ಕಣ್ಣು ಅದನ್ನೇ ನೋಡ್ತೈತಿ. ಕಣ್ಣು ಕೆಡಿಸ್ಕೋಬ್ಯಾಡ." ಅವರು ಒಮ್ಮೆ 'ಇದು ಇವನದೇ' ಎಂದರೆ ವಕೀಲರು ಕೂಡ ಹೆಚ್ಚು ಕೆದಕುತ್ತಿರಲಿಲ್ಲ. ಅಷ್ಟು ಹೆಸರಿತ್ತು ಅವರಿಗೆ. ಆ ಹೆಸರಿನ ಬಗ್ಗೆ ಸ್ವಲ್ಪ ಜಂಬವೂ ಇತ್ತು ಎನ್ನಿ.

ಅವರ ನಿವೃತ್ತಿ ಹತ್ತಿರವಾಗಿದ್ದಾಗ ಬಾಜಿ ಎಂಬುವನ ಪ್ರಕರಣ ಬಂತು. ವಾಹನ ರಿಪೇರಿಯ ಶೆಡ್ಡುಗಳೇ ತುಂಬಿರುವ ಆಟೋನಗರದಲ್ಲಿ, ಬಿಡಿಭಾಗಗಳ ಅಂಗಡಿಯೊಂದರ ಮುಂದೆ ನಿಲ್ಲಿಸಿದ್ದ ಕಾರಿನಿಂದ ಒಡವೆಯ ಚೀಲ ಕಳುವಾಗಿತ್ತು. ಪೌಡರ್ ಉದುರಿಸಿ ನೋಡಿದಾಗ ಕಾರಿನ ಬಾಗಿಲಿನ ಒಳ ಅಂಚಿನಲ್ಲಿ ಒಂದು ಬೆರಳಚ್ಚು ಸಿಕ್ಕಿತ್ತು. ಸುತ್ತಲಿನ ಶೆಡ್ಡುಗಳವರ ಬೆರಳಚ್ಚು ತೆಗೆದಾಗ, ಪಕ್ಕದಲ್ಲೇ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದ ಬಾಜಿಯದು ತಾಳೆಯಾಯಿತು. ಅವನೋ, ಈ ಕಾರನ್ನು ಕಂಡೇ ಇಲ್ಲ, ಮುಟ್ಟಿಯೇ ಇಲ್ಲ ಎಂದು ಆಣೆ ಮಾಡುತ್ತಿದ್ದ. ಮುಟ್ಟಿಲ್ಲ ಎಂದವನ ಬೆರಳು ಕಾರಿನ ಮೇಲಿದ್ದರೆ ಯಾರು ನಂಬುತ್ತಾರೆ? ವಿರೂಪಾಕ್ಷಪ್ಪನವರು ಆ ಅಚ್ಚಿನ ಫೋಟೋ ಮಾತ್ರ ನೋಡಿ ವರದಿಗೆ ಸಹಿ ಹಾಕಿದರು. ಬಾಜಿ ಜೈಲಿಗೆ ಹೋದ. ಅವನ ಹೆಂಡತಿ ಆಗ ತುಂಬು ಬಸುರಿ.

ಕೆಲವು ದಿನಗಳ ನಂತರ ನಾನು ಊಟಕ್ಕೆ ಮುಟಗಿ ತಂದಿದ್ದೆ. ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ, ಮೆಣಸಿನಕಾಯಿಯ ಜೊತೆ ಕುಟ್ಟಿ, ಬಿಸಿಯಿರುವಾಗಲೇ ಮುಷ್ಟಿಯಲ್ಲಿ ಹಿಸುಕಿ ಉಂಡೆ ಕಟ್ಟುವ ತಿನಿಸು. ನಮ್ಮವ್ವನಂತೆ ನನಗೂ ಅದರ ಮೇಲೆ ಬೆರಳುಗಳ ಗುರುತು ಚೆನ್ನಾಗಿ ಮೂಡಬೇಕು. ವಿರೂಪಾಕ್ಷಪ್ಪನವರು ಉಂಡೆಯನ್ನು ಎತ್ತಿ, ರೂಢಿಯಂತೆ ಅತ್ತಿತ್ತ ತಿರುಗಿಸಿ ನೋಡಿದರು. ನನ್ನ ಬೆರಳ ಕುಳಿಗಳ ಪಕ್ಕದಲ್ಲಿ ತಮ್ಮ ಬೆರಳು ಒತ್ತಿದರು. ಉಂಡೆ ಅಲ್ಲಿ ಪುಡಿಯಾಗಿ ಉದುರಿತು.

"ಬಿಸಿಯಿದ್ದಾಗ ಒತ್ತಿದ್ದು ಅಂಗೇ ನಿಂತೈತಿ" ಎಂದರು. "ಆರಿದ ಮ್ಯಾಲೆ ಒತ್ತಿದ್ರೆ ನಿಲ್ಲಲ್ಲ." ಆಮೇಲೆ ಉಂಡೆಯನ್ನು ಡಬ್ಬಿಗೆ ವಾಪಸ್ ಇಟ್ಟರು. "ಆ ಕಾರಿನ ಫೋಟೋದಾಗ ಗೆರೆ ಯಾಕೋ ತಳದಾಗ ಕುಂತಂಗೆ ಕಂಡಿತ್ತಮ್ಮಾ. ಪೌಡರ್ ಜಾಸ್ತಿ ಆಗೈತಿ ಅಂದ್ಕೊಂಡೆ. ನಡಿ, ಕಾರು ನೋಡೋಣ."

ಕೈ ತೊಳೆದವರೇ ಹೊರಟರು. ಬೆಂಜ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಆಟೋ ಸಿಕ್ಕಿಕೊಂಡಾಗ, ಇಳಿದು ನಡೆಯೋಣ ಎಂದು ನನ್ನ ಪ್ರಾಣ ತಿಂದರು. ಠಾಣೆಯ ಆವರಣದಲ್ಲಿ ಧೂಳು ತಿನ್ನುತ್ತಿದ್ದ ಕಾರಿನ ಬಾಗಿಲು ತೆಗೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿ ಇಟ್ಟರು. ಪೌಡರನ್ನು ಒರೆಸಿದರೂ ಬೆರಳಚ್ಚು ಅಳಿಯಲಿಲ್ಲ. ಅದು ಬಣ್ಣದ ಮೇಲಿರಲಿಲ್ಲ, ಬಣ್ಣದ ಒಳಗೇ ಇಳಿದಿತ್ತು. ಬಣ್ಣ ಹಸಿಯಿದ್ದಾಗ ತಾಗಿದ ಬೆರಳು.

ವಿಚಾರಿಸಿದಾಗ ಕಾರಿನ ಈಗಿನ ಮಾಲೀಕ ಅದನ್ನು ಇನ್ನೊಬ್ಬರಿಂದ ಕೊಂಡಿದ್ದನೆಂದು ತಿಳಿಯಿತು. ಹಳೆಯ ಮಾಲೀಕ ಬಣ್ಣ ಹೊಡೆಸಿದ್ದು ಬಾಜಿಯ ಶೆಡ್ಡಿನಲ್ಲೇ. ಬರುವ ಹೋಗುವ ನೂರಾರು ಕಾರುಗಳಲ್ಲಿ ಬಾಜಿಗೆ ಇದು ನೆನಪೇ ಇರಲಿಲ್ಲ ಪಾಪ.

ಕಚೇರಿಯಲ್ಲಿ ಕೆಲವರು, ಸಹಿ ಹಾಕಿಯಾಗಿದೆ, ನಿವೃತ್ತಿಯ ಹೊತ್ತಿಗೆ ಮರ್ಯಾದೆ ಯಾಕೆ ಕಳೆದುಕೊಳ್ಳುತ್ತೀರಿ ಎಂದರು. ವಿರೂಪಾಕ್ಷಪ್ಪನವರು ಸಿಡುಕಿದರು: "ನನ್ನ ಮರ್ಯಾದೆ ಕಾಯೋಕೆ ಅವನು ಒಳಗ ಕುಂದ್ರಬೇಕಾ?" ಕೋರ್ಟಿನಲ್ಲಿ ಎಲ್ಲರೆದುರು ನಿಂತು, "ಬೆರಳು ಯಾರದು ಅಂತ ಹೇಳಿದ್ದು ಸರಿ. ಯಾವಾಗಿನದು ಅಂತ ನಾನು ಕೇಳಿಕೊಳ್ಳಲೇ ಇಲ್ಲ. ತಪ್ಪು ನನ್ನದು" ಎಂದು ತೆಲುಗಿನಲ್ಲಿ ಹೇಳಿದರು. ಅಷ್ಟು ಎತ್ತರವಾಗಿ ಅವರು ನನಗೆ ಹಿಂದೆಂದೂ ಕಂಡಿರಲಿಲ್ಲ.

ಬಿಡುಗಡೆಯಾದ ವಾರದಲ್ಲೇ ಬಾಜಿ ಡಬ್ಬ, ಬ್ರಷ್ ಹಿಡಿದು ಅವರ ಮನೆಗೆ ಬಂದು, ಬೇಡವೆಂದರೂ ಕೇಳದೆ ತುಕ್ಕು ಹಿಡಿದ ಗೇಟಿಗೆ ನೀಲಿ ಬಣ್ಣ ಬಳಿದ. ನಾನೂ ಅಲ್ಲಿದ್ದೆ. ವಿರೂಪಾಕ್ಷಪ್ಪನವರಿಗೆ ತಾಳ್ಮೆಯೆಲ್ಲಿ? ಒಣಗಿತೇ ಎಂದು ಹೆಬ್ಬೆರಳು ಒತ್ತಿಯೇಬಿಟ್ಟರು. "ನಿಮ್ಮ ಕೈಗೆ ಬೆಂಕಿ ಹಾಕ!" ಎಂದು ಶಾರದಮ್ಮ ಅಚ್ಚಗನ್ನಡದಲ್ಲಿ ಬೈದರು. ಬಾಜಿ ಬ್ರಷ್ ಎತ್ತಿದರೆ ಇವರು ಅಡ್ಡ ನಿಂತು, "ಇರ್ಲಿ ಬಿಡು, ನನ್ನದೂ ಒಂದು ದಾಖಲೆ ಇರ್ಲಿ" ಎಂದು ನಕ್ಕರು.

ನಾನು ವಿಶಾಖಪಟ್ಟಣಕ್ಕೆ ವರ್ಗವಾಗಿ ಹೊರಟಾಗ ಅವರು ತಮ್ಮ ಭೂತಗನ್ನಡಿಯನ್ನು ನನ್ನ ಕೈಗಿಟ್ಟರು. ಅದೇ ಕೊನೆಯ ಭೇಟಿ. ಕಳೆದ ಮಳೆಗಾಲದಲ್ಲಿ ಅವರು ಹೋದ ಸುದ್ದಿ ಬಂದಾಗ ಕಚೇರಿಯಲ್ಲೇ ಅತ್ತುಬಿಟ್ಟೆ.

ಈ ಸಂಕ್ರಾಂತಿ ಕಳೆದ ಮೇಲೆ ಶಾರದಮ್ಮನವರನ್ನು ನೋಡಲು ಹೋದೆ. ಗೇಟು ಹಸಿರಾಗಿತ್ತು. ಹಬ್ಬಕ್ಕೆ ಬಾಜಿ ಮಗಳನ್ನೂ ಕರೆದುಕೊಂಡು ಬಂದು ಬಳಿದುಹೋದನಂತೆ. ಹಾಗಾದರೆ ಆ ಹೆಬ್ಬೆರಳ ಗುರುತು? ಬಗ್ಗಿ ನೋಡಿದೆ. ಚಿಲಕದ ಪಕ್ಕದಲ್ಲಿ, ಹೊಸ ಬಣ್ಣ ತಾಗದಂತೆ ಟೇಪು ಅಂಟಿಸಿ ಬಿಟ್ಟಿದ್ದ ಅಂಗೈಯಗಲ ಜಾಗದಲ್ಲಿ, ಹಳೆಯ ನೀಲಿ ಹಾಗೆಯೇ ಉಳಿದಿತ್ತು. ಚೀಲದಿಂದ ಭೂತಗನ್ನಡಿ ತೆಗೆದೆ. ಒಳ್ಳೆಯ ಸುಳಿ. ಯಾರದೆಂದು ಗೊತ್ತಿತ್ತು. ಯಾವಾಗಿನದೆಂದೂ ಗೊತ್ತಿತ್ತು: ಬಾಜಿ ಮನೆಗೆ ಮರಳಿದ ವಾರದ್ದು.