ಅಣ್ಣನ ಪದಕ್ಕೆ ನಾಲ್ಕು ಡಿಸ್ಕ್

ಅಣ್ಣ ತೀರಿಕೊಂಡ ತಿಂಗಳಿಗೆ, ತುಕ್ಕಾನಟ್ಟಿಯಲ್ಲಿ ಎದುರು ಮೇಳದೊಂದಿಗೆ ಸವಾಲು-ಜವಾಬಾಗಿ ಅವನು ಹಾಡಿದ ಡೊಳ್ಳಿನ ಪದದ ವಿಡಿಯೊ ಇದ್ದ ಪೆನ್‌ಡ್ರೈವ್ ಹಿಡಿದು ಗೋಕಾಕದ ಸ್ಟುಡಿಯೊಗೆ ಹೋದೆ. ಅವನ ಹೆಂಡತಿ, ನಮ್ಮ ವೈನಿ, ಅದನ್ನು ಪೂರ್ತಿ ಕೇಳಬೇಕೆಂದಿದ್ದಳು. ಮನೆಯಲ್ಲಿದ್ದದ್ದು ಡಿವಿಡಿ ಪ್ಲೇಯರ್ ಮಾತ್ರ, ಹಾಗಾಗಿ ಡಿಸ್ಕಿಗೆ ಹಾಕಿಸಬೇಕಿತ್ತು.

“ಒಂದು ಡಿಸ್ಕಿನಾಗ ನಾಲ್ಕೂವರಿ ಜಿಬಿ ಅಷ್ಟ ಹಿಡಿತೈತ್ರಿ. ನಿಮ್ಮದು ಹದಿಮೂರು ಐತಿ. ಸಣ್ಣದು ಮಾಡ್ಲೇನ್ರಿ?” ಎಂದರು ಸ್ಟುಡಿಯೊದವರು.

“ಬ್ಯಾಡ್ರಿ, ದನಿ ಕೆಡತೈತಿ. ಮೂರರಾಗ ಹಾಕ್ರಿ.”

ಮೊದಲ ಡಿಸ್ಕು ತುಂಬಿದಲ್ಲೇ ಅವರು ಕತ್ತರಿಸಿದರು. ಅಣ್ಣ ಹಾಡಿ ಕೇಳಿದ ಸವಾಲು ಒಂದರಲ್ಲಿ, ಎದುರು ಮೇಳದ ಜವಾಬು ಇನ್ನೊಂದರಲ್ಲಿ.

“ಹಿಂಗ ನಡ್ಯಾಂಗಿಲ್ರಿ. ಜವಾಬು ಕೇಳದ ನಮ್ಮಲ್ಲಿ ಯಾರೂ ಎದ್ದು ಹೋಗಂಗಿಲ್ಲ. ಹಿಂದಿನ ಜವಾಬು ಮುಗಿದಲ್ಲೇ ಕತ್ತರಸ್ರಿ, ಈ ಸವಾಲು ಮುಂದಿನ ಡಿಸ್ಕಿಗೆ ಹೋಗ್ಲಿ.”

“ಜಾಗ ಖಾಲಿ ಉಳಿತೈತ್ರಿ. ನಾಲ್ಕು ಡಿಸ್ಕ್ ಆಗ್ತಾವ.”

“ಆಗ್ಲಿ ತಗೋರಿ.”

ಮನೆಯಲ್ಲಿ ಮೊದಲನೆಯದು ಜವಾಬಿನೊಂದಿಗೆ ಮುಗಿದಾಗ ವೈನಿ ಕಣ್ಣೊರೆಸಿಕೊಂಡು ಎದ್ದು, ಎರಡನೆಯದನ್ನು ತಾನೇ ಹಾಕಿದಳು.