ಕಮತಗಿ ಕಡೆಯಿಂದ ಆಡಿದ ನಮ್ಮ ಕಾಕಾ

ಅವರ ಮೊಣಕಾಲಿನ ಚರ್ಮ ಕಪ್ಪಾಗಿ, ಒರಟಾಗಿ, ಹಳೆಯ ಚಪ್ಪಲಿಯ ಅಟ್ಟೆಯಷ್ಟು ದಪ್ಪವಾಗಿತ್ತು. ಆಟಕ್ಕೆ ಇಳಿಯುವ ಮುಂಚೆ ಧೋತರದ ಕಚ್ಚೆ ಬಿಗಿದು ಮೊಣಕಾಲಿಗೆ ಔಡಲೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಇಳಕಲ್ಲಿನ ನಮ್ಮ ಹುತುತು, ಅಂದರೆ ಕಬಡ್ಡಿ, ತಂಡದಲ್ಲಿ ಎಲ್ಲರಿಗಿಂತ ಹಿರಿಯರು. ನಮಗೆಲ್ಲ ಅವರು ಕಾಕಾ.

ಹಗಲೆಲ್ಲ ಮಗ್ಗದಲ್ಲಿ ಸೀರೆ ನೇಯ್ದು ಸಂಜೆ ಮೈದಾನಕ್ಕೆ ಬರುತ್ತಿದ್ದರು. ಎದುರಾಳಿ ಉಸಿರು ಹಿಡಿದು ಒಳಗೆ ಬಂದರೆ ಅವನ ಮುಖ ನೋಡುತ್ತಿರಲಿಲ್ಲ, ಪಾದ ನೋಡುತ್ತಿದ್ದರು. ಒಮ್ಮೆ ಪಾದ ಸಿಕ್ಕಿತೆಂದರೆ ಅವನು ಗೆರೆ ಮುಟ್ಟುವ ಮಾತೇ ಇಲ್ಲ. ಯಾರಾದರೂ ಹೊಗಳಿದರೆ "ಮುಂದಿನ ಆಟ ನೋಡೂಣು" ಎನ್ನುವರು, ಅಷ್ಟೇ.

ನಾನು ಅಲ್ಲಿ ಸಾಲೆಯ ಮಾಸ್ತರ. ಹಳೆಯ ಕ್ಯಾಪ್ಟನ್ ಸೊಲ್ಲಾಪುರದ ಗಿರಣಿಗೆ ಹೋದಾಗ ತಂಡದವರು ನನ್ನನ್ನು ಆರಿಸಿದರು. ಆ ವರ್ಷ ಹುನಗುಂದದಲ್ಲಿ ಸೋತೆವು, ಬಾಗಲಕೋಟೆಯಲ್ಲೂ ಸೋತೆವು. ಎರಡೂ ಕಡೆ ಎದುರಾಳಿಗಳು ಕಾಕಾರ ಕೈಯಿಂದ ಜಾರಿಹೋದರು. ಕಾಕಾ ಬಿದ್ದು ಏಳುವಷ್ಟರಲ್ಲಿ ಆಟ ಮುಂದೆ ಹೋಗಿರುತ್ತಿತ್ತು.

ಕಾಕಾ ಇಲ್ಲದ ಹೊತ್ತು ನೋಡಿ ಗರಡಿಮನೆಯ ಕಟ್ಟೆಯ ಮೇಲೆ ಕೂಡಿದೆವು. ತಂಡ ಕಟ್ಟಿದವರೇ ಅವರು, ಜನ ಬರುವುದೂ ಅವರನ್ನು ನೋಡಲಿಕ್ಕೆ ಎಂದು ಕೆಲವರು. ಮರ್ಯಾದೆ ಬೇರೆ, ಆಟ ಬೇರೆ, ಅವರ ಜಾಗಕ್ಕೆ ಹೊಸಬರು ಬೇಕು ಎಂದು ಉಳಿದವರು. ತೆಗೆಯುವುದೇ ಸರಿ ಎಂದು ನನಗೂ ಅನ್ನಿಸಿತ್ತು. ಕಡೆಗೆ ಒಂದು ಉಪಾಯ ಮಾಡಿದೆವು. ಕಾಕಾ ತಾವಾಗಿಯೇ ಆಟ ಬಿಟ್ಟರೆಂದು ಊರಿಗೆ ಹೇಳುವುದು, ಹಾರ ಹಾಕಿ ಸನ್ಮಾನ ಮಾಡುವುದು. ಅವರನ್ನು ಒಪ್ಪಿಸುವ ಕೆಲಸ ನನ್ನ ತಲೆಗೆ ಬಂತು.

ಅವರ ಮನೆಗೆ ಹೋಗಿ ಹೇಳಿದೆ. ಅವರು ಮಗ್ಗ ನಿಲ್ಲಿಸಿ ಪೂರಾ ಕೇಳಿದರು. ಅವರ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು.

"ನಾ ಬಿಟ್ಟಿಲ್ಲರಿ ಮಾಸ್ತರ. ನನಗ ಇನ್ನೂ ಆಡೂದೈತಿ. ತಗೀಬೇಕು ಅನಸಿದ್ರ ತಗೀರಿ, ನೀವು ಕ್ಯಾಪ್ಟನ್ ಅದೀರಿ. ಆದ್ರ ನಾನಽ ಬಿಟ್ಟೆ ಅಂತ ಹೇಳಬ್ಯಾಡ್ರಿ. ಅದು ಖರೆ ಅಲ್ಲ."

ಸನ್ಮಾನದ ಮಾತೆತ್ತಿದೆ. ಬೇಡವೆಂದರು.

"ನಾಳೆ ಮೈದಾನದಾಗ ಎಲ್ಲಾರ ಮುಂದ ಹೇಳ್ರಿ. ನಾ ಅಲ್ಲೇ ನಿಂತಿರತೇನಿ."

ನಿಂತೇ ಇದ್ದರು. ಈ ವರ್ಷ ಕಾಕಾರನ್ನು ತಂಡದಿಂದ ತೆಗೆದಿದ್ದೇನೆ, ಇದು ನನ್ನ ತೀರ್ಮಾನ ಎಂದು ಎಲ್ಲರ ಮುಂದೆ ಹೇಳಿದೆ. "ಆತ್ರಿ" ಎಂದು ಅವರು ಮನೆಯ ದಾರಿ ಹಿಡಿದರು. ಅವರನ್ನು ತೆಗೆದ ಸಿಟ್ಟಿಗೆ ಒಬ್ಬ ಒಳ್ಳೆಯ ಆಟಗಾರ ತಂಡವನ್ನೇ ಬಿಟ್ಟ. ಬಜಾರದಲ್ಲಿ ಕೆಲವರು ನನ್ನ ನಮಸ್ಕಾರಕ್ಕೆ ಮುಖ ತಿರುಗಿಸಿದರು.

ಮುಂದೆ ಸ್ವಲ್ಪ ದಿನಕ್ಕೆ ಕಾಕಾ ಕಮತಗಿಯ ತಂಡ ಸೇರಿದರೆಂದು ಸುದ್ದಿ ಬಂತು. ಅಲ್ಲಿಯವರು ಹೊಸಬರು, ಹೇಳಿಕೊಡುವವರಿರಲಿಲ್ಲ. ಆಗ ಊರಿನ ಸಿಟ್ಟು ನನ್ನನ್ನು ಬಿಟ್ಟು ಅವರ ಮೇಲೆ ತಿರುಗಿತು. ಇಳಕಲ್ಲಿನ ಉಪ್ಪುಂಡು ಕಮತಗಿಗೆ ಆಡುವುದೇ ಎಂದು ಜನ ಆಡಿಕೊಂಡರು.

ಬಾದಾಮಿಯಲ್ಲಿ ನಮಗೂ ಕಮತಗಿಗೂ ಆಟ ಬಿತ್ತು. ನಾನು ಉಸಿರು ಹಿಡಿದು ಒಳಗೆ ಹೋದೆ, ಒಬ್ಬನನ್ನು ಮುಟ್ಟಿ ತಿರುಗಿದೆ. ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ಕಾಕಾ ನೆಲಕ್ಕೆ ಬಿದ್ದು ನನ್ನ ಪಾದ ಹಿಡಿದರು. ಗೆರೆ ಕೈಯಳತೆಯಲ್ಲೇ ಇತ್ತು, ತಲುಪಲಾಗಲಿಲ್ಲ. ಉಸಿರು ಹೋಯಿತು, ನಾನು ಔಟಾದೆ. ಆದರೆ ನಮ್ಮ ಎಳೆಯರಿಗೆ ಅವರ ಕಾಲು ಸಾಲದೆಂದು ಗೊತ್ತಿತ್ತು. ಮತ್ತೆ ಮತ್ತೆ ಅವರನ್ನೇ ಹುಡುಕಿ ಮುಟ್ಟಿ ಓಡಿಬಂದರು. ಆಟ ಗೆದ್ದೆವು.

ಮುಗಿದ ಮೇಲೆ ಕಾಕಾ ಮೈಮೇಲಿನ ಮಣ್ಣು ಕೊಡವುತ್ತ ನನ್ನ ಹತ್ತಿರ ಬಂದರು.

"ನೀವು ನನ್ನ ತಗದದ್ದು ಬರೋಬ್ಬರಿ ಇತ್ತು. ನಾ ಆಟ ಬಿಡದದ್ದೂ ಬರೋಬ್ಬರಿ ಇತ್ತು."

ಅವರ ಜೊತೆಗೇ ಕೂತು ಚಹಾ ಕುಡಿದೆ.

ಕಾಲು ಪೂರ್ತಿ ಸೋಲುವವರೆಗೂ ಅವರು ಕಮತಗಿಗೆ ಆಡಿದರು, ಆಮೇಲೆ ಹೊರಗೆ ಕೂತು ಕಲಿಸಿದರು. ಅವರು ತೀರಿಕೊಂಡಾಗ ನನಗೆ ಬಾದಾಮಿಗೆ ವರ್ಗವಾಗಿತ್ತು. ಸುದ್ದಿ ತಿಳಿದು ಇಳಕಲ್ಲಿಗೆ ಓಡಿದೆ. ಕಮತಗಿಯ ಆಟಗಾರರು ಹೆಗಲು ಕೊಟ್ಟು ನಡೆದಿದ್ದರು. ಹೊಸ ಮುಖಗಳು, ನನ್ನ ಗುರುತಿಲ್ಲ. ನೀವು ಯಾರೆಂದು ಒಬ್ಬ ಕೇಳಿದ.

"ಇವರನ್ನ ತಂಡದಿಂದ ತಗದಾಂವ" ಎಂದೆ.

ಅವನು ನನ್ನ ಮುಖ ನೋಡಿದ. "ಎದುರಿಗೇ ಹೇಳಿದ ಮಾಸ್ತರ ನೀವೇನ್ರಿ? ಕಾಕಾ ನಿಮ್ಮ ಬಗ್ಗೆ ಭಾಳ ಹೇಳತಿದ್ರು" ಎಂದು ತನ್ನ ಹೆಗಲು ತಪ್ಪಿಸಿ ನನಗೆ ಜಾಗ ಬಿಟ್ಟ.