ಎಡಗಿವಿಯ ಅಭಿಪ್ರಾಯ

ಯಾವ ಹೊಸ ಆಲ್ಬಂ ಬಂದರೂ ಅದರ ಬಗ್ಗೆ ನನಗೊಂದು ಅಭಿಪ್ರಾಯ ಇರುತ್ತದೆ. ನಾನು ಖಾಸಗಿ ಬಸ್ಸಿನ ಕಂಡಕ್ಟರ್. ಕಡೂರಿನಿಂದ ಬೀರೂರು ಹಾದು ತರೀಕೆರೆಗೆ, ಅಲ್ಲಿಂದ ಅಜ್ಜಂಪುರಕ್ಕೆ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಅಷ್ಟರಲ್ಲಿ ಎರಡು ಆಲ್ಬಂ ಆರಾಮಾಗಿ ಮುಗಿಯುತ್ತವೆ. ಸಂಜೆ ಬಸ್ಸು ಶೆಡ್ಡಿಗೆ ಸೇರಿದ ಮೇಲೆ ನಮ್ಮ ಬಸ್ಸಿನವರ ವಾಟ್ಸಾಪ್ ಗುಂಪಿಗೆ ನನ್ನ ತೀರ್ಪನ್ನು ಮಾತಿನಲ್ಲೇ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಅದಕ್ಕೆ ಕಾಯುವವರೂ ಇದ್ದಾರೆ, ಸುಳ್ಳಲ್ಲ.

ಹಾಡಿನ ಜಾತಿ ನೋಡುವವನಲ್ಲ ನಾನು. ಒಂದು ವೀಣೆ-ಪಿಟೀಲಿನ ಆಲ್ಬಂ ಬಂದಿತ್ತು. ವೀಣೆಯವರು ದುಡಿಯುತ್ತಿದ್ದಾರೆ, ಪಿಟೀಲಿನವರು ನಿದ್ದೆ ಹೊಡೆಯುತ್ತಿದ್ದಾರೆ ಎಂದೆ. ರ‍್ಯಾಪ್ ಹುಡುಗನೊಬ್ಬನ ಆಲ್ಬಮ್ಮಿಗೆ, ಬೈಗುಳವಾದರೂ ತಾಳಕ್ಕೆ ಬಿದ್ದಿದೆ, ಅಷ್ಟು ಸಾಕು ಎಂದೆ. ಮಠದ ಭಕ್ತರು ಸೇರಿ ತಂದ ವಚನಗಳ ಆಲ್ಬಂ ಕೇಳಿ ಸಿಟ್ಟೇ ಬಂತು. ವಚನಕ್ಕೆ ಅಷ್ಟೊಂದು ಕೀಬೋರ್ಡ್ ಸುರಿಯುವುದು ರಾಗಿ ಮುದ್ದೆಗೆ ಸಕ್ಕರೆ ಹಾಕಿದ ಹಾಗೆ. ಹೊರದೇಶದ ಒಂದು ರಾಕ್ ಆಲ್ಬಮ್ಮನ್ನು ಜಗತ್ತೇ ಹೊಗಳುತ್ತಿತ್ತು. ಗಿಟಾರಿನವನು ಎಲ್ಲಿ ಹೋದ ಎಂದು ನಾನು ಕೇಳಿದೆ. ಯಾರ ಮುಲಾಜೂ ಇಲ್ಲ, ಯಾರನ್ನೂ ಸುಮ್ಮನೆ ಹೊಗಳಿದವನಲ್ಲ. ಅದೇ ನನ್ನ ಹೆಮ್ಮೆಯಾಗಿತ್ತು.

ನಾನು ಕೇಳುವ ರೀತಿಯನ್ನೂ ಹೇಳಿಬಿಡಬೇಕು. ಕಂಡಕ್ಟರನಿಗೆ ಎರಡು ಕಿವಿಯನ್ನೂ ಹಾಡಿಗೆ ಕೊಡಲು ಆಗುವುದಿಲ್ಲ. ಹಿಂದಿನಿಂದ ಯಾರೋ ಸ್ಟಾಪ್ ಅನ್ನುತ್ತಾರೆ, ಯಾರದೋ ಮೂಟೆ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಇಯರ್‌ಫೋನಿನ ಎಡಗಡೆಯದು ಎಡಗಿವಿಯಲ್ಲಿ, ಬಲಗಡೆಯದು ಅಂಗಿಯ ಜೇಬಿನಲ್ಲಿ, ಸೀಟಿಯ ಜೊತೆ. ವರ್ಷಗಟ್ಟಲೆ ಹೀಗೇ ಮಾಡಿ ಮನೆಯಲ್ಲಿ ಕೂತಾಗಲೂ ಅದೇ ರೂಢಿಯಾಯಿತು. ಎಡಗಡೆಯ ರಬ್ಬರು ಸವೆದು ಕಪ್ಪಾಗಿತ್ತು. ಬಲಗಡೆಯದು ಅಂಗಡಿಯಿಂದ ತಂದ ದಿನದ ಹಾಗೇ ಇತ್ತು.

ನನ್ನ ತಂಗಿ ಅಜ್ಜಂಪುರದಲ್ಲಿದ್ದಾಳೆ. ಅವ್ವ ಅವಳ ಮನೆಯಲ್ಲೇ ಇರುವುದು. ಇಬ್ಬರೂ ಸೋಬಾನೆ ಹಾಡುವವರು. ಸುತ್ತಿನ ಊರುಗಳಲ್ಲಿ ಮದುವೆ ಎಂದರೆ ಹೇಳಿ ಕಳಿಸುತ್ತಿದ್ದರು. ಸೋಬಾನೆಯಲ್ಲಿ ಹೆಂಗಸರು ಎದುರುಬದುರು ಕೂರುತ್ತಾರೆ. ಈ ಕಡೆಯವರು ಒಂದು ಸೊಲ್ಲು ಹೇಳಿದರೆ ಆ ಕಡೆಯವರು ಅದನ್ನು ಎತ್ತಿಕೊಳ್ಳಬೇಕು. ತಂಗಿ ಹೇಳುತ್ತಿದ್ದಳು, ಅವ್ವ ಎತ್ತಿಕೊಳ್ಳುತ್ತಿದ್ದಳು. ಹೋದ ವರ್ಷ ತಂಗಿ ಎಂಟು ಹಾಡನ್ನು ಕಡೂರಿನ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿ ನನಗೆ ಕಳಿಸಿದಳು. "ಅಣ್ಣ, ನೀನು ಕೇಳಿ ಹೇಳಿದ್ ಮೇಲೆ ಎಲ್ರಿಗೂ ಬಿಡ್ತೀನಿ" ಎಂದಿದ್ದಳು. ಬೇರೇನೂ ಹೇಳಲಿಲ್ಲ.

ತರೀಕೆರೆ ದಾಟುವುದರೊಳಗೆ ಕೇಳಿ ಮುಗಿಸಿದೆ. ತಂಗಿಯೊಬ್ಬಳೇ ಹಾಡುತ್ತಾಳೆ, ಸೊಲ್ಲು ಮುಗಿದ ಮೇಲೆ ಸುಮ್ಮನೆ ಖಾಲಿ, ಮತ್ತೆ ತಂಗಿ. ಎಂಟೂ ಹಾಡು ಹೀಗೇ. ತಂಗಿಯಾದರೇನು, ನನ್ನ ನಾಲಗೆಗೆ ಮುಲಾಜಿಲ್ಲವಲ್ಲ. ಗುಂಪಿಗೆ ಹೇಳುವ ದನಿಯಲ್ಲೇ ಅವಳಿಗೂ ಹೇಳಿ ಕಳಿಸಿದೆ: "ನೀನು ಚೆನ್ನಾಗೇ ಹಾಡಿದ್ದೀಯ. ಆದ್ರೆ ಸೊಲ್ಲು ಎತ್ತೋ ಕಡೆ ಏನೇನೂ ಇಲ್ಲ ಕಣೇ. ಹಂಗೆ ಬಿಟ್ರೆ ಜನ ನಗ್ತಾರೆ. ದನಿ ಇರೋರು ಯಾರನ್ನಾದ್ರೂ ಇಟ್ಕೊಂಡು ಮತ್ತೆ ಮಾಡ್ಸು."

ತಂಗಿ ಉತ್ತರ ಕೊಡಲಿಲ್ಲ. ಒಂದು ತಿಂಗಳಾದ ಮೇಲೆ, ಪಕ್ಕದ ಮನೆಯ ಸೊಸೆಯನ್ನು ಸೇರಿಸಿಕೊಂಡು, ಇಬ್ಬರೂ ಒಂದೇ ಮೈಕಿನ ಮುಂದೆ ಕೂತು ಹೊಸದಾಗಿ ಮಾಡಿಸಿದ ಆಲ್ಬಂ ಬಂತು. ನಾನು ಕೇಳಿ, ಈಗ ಸರಿಯಾಯಿತು ಎಂದೆ. ಅದಕ್ಕೂ ಉತ್ತರವಿಲ್ಲ. ಹಾಡುವವರಿಗೆಲ್ಲ ಮೂಗಿನ ತುದಿಯಲ್ಲೇ ಕೋಪ ಅಂದುಕೊಂಡು ಸುಮ್ಮನಾದೆ.

ಈ ಬೇಸಿಗೆಯಲ್ಲಿ ನನ್ನ ಎಡಗಿವಿಯೊಳಗೆ ಒಂದು ಕುರು ಎದ್ದಿತು. ಮುಟ್ಟಿದರೆ ಜೀವ ಹೋಗುವಷ್ಟು ನೋವು. ಹಾಡಿಲ್ಲದೆ ಎರಡು ದಿನ ತಡೆದೆ. ಮೂರನೇ ದಿನ ಜೇಬಿನಿಂದ ಬಲಗಡೆಯದನ್ನು ತೆಗೆದು ಬಲಗಿವಿಗೆ ಹಾಕಿಕೊಂಡೆ. ಫೋನಿನಲ್ಲಿ ತಂಗಿ ಮೊದಲು ಕಳಿಸಿದ್ದ ಹಾಡು ಇನ್ನೂ ಇತ್ತು, ಅದಕ್ಕೇ ಬೆರಳು ಬಿತ್ತು. ತಂಗಿಯ ದನಿ ಬರಲಿಲ್ಲ. ಸ್ವಲ್ಪ ಹೊತ್ತು ಖಾಲಿ. ಆಮೇಲೆ ಅವ್ವ ಹಾಡಿದಳು.

ಬೀರೂರಿನಲ್ಲಿ ಹತ್ತಿದವರಿಗೆ ಟಿಕೆಟ್ ಕೊಡುವುದನ್ನೇ ಮರೆತು ಕಂಬಿ ಹಿಡಿದು ನಿಂತೆ. ಸಣ್ಣಗೆ ನಡುಗುವ ದನಿ. ಸೊಲ್ಲಿನ ಕೊನೆಯನ್ನು ಅವ್ವ ಮಾತ್ರ ಹಾಗೆ ಎಳೆಯುವುದು. ಸ್ಟುಡಿಯೋದವನಿಗೆ ಅಲ್ಲಿಂದಲೇ ಫೋನ್ ಮಾಡಿದೆ. "ಹೆಂಗಸ್ರು ಎದುರುಬದುರು ಕೂತಂಗೆ ಕೇಳ್ಲಿ ಅಂತ ಒಬ್ರ ದನಿ ಎಡಗಿವಿಗೆ, ಒಬ್ರ ದನಿ ಬಲಗಿವಿಗೆ ಇಟ್ಟಿದ್ದೆ ಕಣ್ರೀ, ಯಾಕೆ?" ಎಂದ. ಸುಮ್ಮನೆ ಕೇಳಿದೆ ಎಂದು ಫೋನ್ ಇಟ್ಟೆ. ಆ ಪಿಟೀಲಿನವರು, ಆ ಗಿಟಾರಿನವನು ಎಲ್ಲರೂ ನನ್ನ ಅಂಗಿಯ ಜೇಬಿನಲ್ಲಿ ನುಡಿಸುತ್ತಲೇ ಇದ್ದರು. ಅವರ ಮಾತು ಹೋಗಲಿ, ನನ್ನ ಅಭಿಪ್ರಾಯ ಅವರಿಗೆ ತಲುಪಿಲ್ಲ. ಅವ್ವನಿಗೆ ತಲುಪಿತ್ತು.

ಅಜ್ಜಂಪುರದಲ್ಲಿ ಊಟಕ್ಕೆ ಅರ್ಧ ಗಂಟೆ ಬಸ್ಸು ನಿಲ್ಲುತ್ತದೆ. ತಂಗಿಯ ಮನೆಗೆ ಓಡಿದೆ. ಅವ್ವ ಒಳಗೆ ಅಕ್ಕಿ ಆರಿಸುತ್ತಿದ್ದಳು. ತಂಗಿ ಬಾಗಿಲಲ್ಲೇ ನಿಲ್ಲಿಸಿಕೊಂಡು ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. "ಎದುರು ದನಿ ಯಾರ್ದು ಅಂತ ಹೇಳ್ಬೇಡ, ಅವ್ನೇ ಕಂಡ್ಹಿಡೀಲಿ ಅಂದಿದ್ಲು ಅವ್ವ. ನೀನು ಕಳ್ಸಿದ್ದನ್ನ ಅವಳ ಮುಂದೇನೆ ಹಾಕ್ದೆ. ಕೇಳ್ಬಿಟ್ಟು, ಅವ್ನು ಊರಿನ ಹಾಡೆಲ್ಲ ಕೇಳಿರೋನು, ಅವ್ನಿಗೆ ಗೊತ್ತಾಗ್ತದೆ ಬಿಡು ಅಂದ್ಳು ಅಣ್ಣ. ಅವತ್ತಿಂದ ಯಾವ ಮದುವೇಲೂ ಬಾಯಿ ಬಿಟ್ಟಿಲ್ಲ."

ನಾನು ಅವ್ವನ ಮುಂದೆ ಕೂತು ಆದದ್ದನ್ನೆಲ್ಲ ಹೇಳಿದೆ. ನನ್ನದೇ ತಪ್ಪು, ನಿನ್ನ ದನಿ ನಾನು ಕೇಳಿಯೇ ಇರಲಿಲ್ಲ ಎಂದೆ. ಅವ್ವ ಮೊರ ಪಕ್ಕಕ್ಕಿಟ್ಟಳು.

"ಒಂದು ಕಿವೀಲಿ ಕೇಳಿದ್ರೂ ಎರಡು ಕಿವೀಲಿ ಕೇಳಿದ್ರೂ ಹಾಡು ಅದೇ ಅಲ್ವೇನೋ?"

"ಹಂಗಲ್ಲ ಅವ್ವ, ನಿನ್ ದನಿ ಬಲಗಡೆ ಇತ್ತು. ಈಗ ಕೇಳ್ದೆ. ಬಾಳ ಚೆನ್ನಾಗೈತೆ. ದೇವರಾಣೆ."

ಅವ್ವ ನಕ್ಕಳು. "ನೀನು ಯಾರನ್ನೂ ಸುಮ್ನೆ ಹೊಗಳೋನಲ್ಲ ಕಣಪ್ಪ. ಅವತ್ತು ನನ್ ದನಿ ಅಂತ ಗೊತ್ತಿರ್ಲಿಲ್ಲ, ಇದ್ದದ್ದು ಇದ್ದಂಗೆ ಹೇಳ್ದೆ. ಇವತ್ತು ಗೊತ್ತಾಗೈತೆ, ಅವ್ವ ಅಂತ ಹೇಳ್ತಿದ್ದೀಯ. ನಂಗೇನು ಬೇಜಾರಿಲ್ಲ, ಬಿಡು."

ಇಷ್ಟು ವರ್ಷ ಮುಲಾಜಿಲ್ಲದೆ ಮಾತಾಡಿದ್ದಕ್ಕೆ ನನಗೆ ಸಿಕ್ಕಿದ್ದು ಇದು. ಏನು ಹೇಳಿದರೂ ಅದು ಸಮಾಧಾನದ ಮಾತಾಗಿಯೇ ಅವಳಿಗೆ ಕೇಳುತ್ತಿತ್ತು. ಕೊನೆಗೆ ಇಯರ್‌ಫೋನ್ ತೆಗೆದು ಎರಡನ್ನೂ ಅವಳ ಕಿವಿಗಿಟ್ಟು ಮೊದಲಿನ ಹಾಡು ಹಾಕಿದೆ. ಎರಡು ಕಿವಿಯಲ್ಲೂ ಕೇಳಿದರೆ ಅವಳಿಗೇ ತಿಳಿಯುತ್ತದೆ ಎಂದುಕೊಂಡೆ.

ಅವ್ವ ಕಣ್ಣು ಮುಚ್ಚಿ ಕೇಳಿದಳು. ತುಟಿ ಅಲ್ಲಾಡಿತು. ನನಗೆ ಜೀವ ಬಂದಂತಾಯಿತು. ಎರಡು ಸೊಲ್ಲು ಕಳೆದಿರಬೇಕು. ಬಲಗಿವಿಗೆ ಕೈ ಹಾಕಿ ಮುಟ್ಟಿ ನೋಡಿದಳು, ಅದನ್ನು ಮೆಲ್ಲಗೆ ಕಿತ್ತು ತೊಡೆಯ ಮೇಲೆ ಇಟ್ಟುಕೊಂಡಳು. ಮತ್ತೆ ಕಣ್ಣು ಮುಚ್ಚಿದಳು.

"ಈಗ ಚೆನ್ನಾಗೈತೆ ನೋಡು," ಎಂದಳು, "ಮಗಳೊಬ್ಬಳೇ."

ಹೊರಗೆ ಡ್ರೈವರ್ ಹಾರನ್ ಹೊಡೆಯುತ್ತಿದ್ದ. ಅವ್ವನ ಸೀರೆಯ ಮೇಲೆ ಬಿದ್ದಿದ್ದ ಬಲಗಡೆಯದನ್ನು ಎತ್ತಿ ನನ್ನ ಕಿವಿಗೆ ಹಾಕಿಕೊಂಡೆ. ತಂತಿ ಗಿಡ್ಡ, ತಲೆಗೆ ತಲೆ ತಾಗುವಷ್ಟು ಹತ್ತಿರ ಕೂರಬೇಕಾಯಿತು. ಅವಳ ಕಿವಿಯಲ್ಲಿ ತಂಗಿ ಸೊಲ್ಲು ಹೇಳುವಷ್ಟು ಹೊತ್ತು ನನ್ನ ಕಿವಿ ಖಾಲಿ ಇರುತ್ತಿತ್ತು, ಆಮೇಲೆ ಅವ್ವ ಹಾಡುತ್ತಿದ್ದಳು.

"ಅದ್ರಾಗೆ ಏನ್ ಕೇಳ್ತೀಯೋ, ತೆಗೀ" ಎಂದಳು ಪಕ್ಕದಲ್ಲಿದ್ದ ಅವ್ವ.